ತೊಟ್ಟಿಲ ಬದಿಯ ನಗೆಗತೆ

ಕನ್ನಡದ ನಗೆಬರಹ ಬಹುಕಾಲ ಗಂಡಸರ ಕೈಯಲ್ಲೇ ಇತ್ತು. ಹೆಂಡತಿ, ಅತ್ತೆ, ಪಕ್ಕದ ಮನೆಯಾಕೆ ಎಲ್ಲರೂ ಅದರಲ್ಲಿ ಬರುತ್ತಿದ್ದರು. ಆದರೆ ನಗೆಗೆ ಗುರಿಯಾಗಲು ಬರುತ್ತಿದ್ದರೇ ಹೊರತು ನಗಿಸಲು ಅಲ್ಲ. ಈ ನೋಟ ತಿರುಗಿದ್ದು 1940ರ ದಶಕದಲ್ಲಿ. ‘ರಾಶಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ವೈದ್ಯ ಡಾ. ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಿಂದ ‘ಕೊರವಂಜಿ’ ಎಂಬ ನಗೆಪತ್ರಿಕೆಯನ್ನು ಹೊರಡಿಸಿದರು. 1967ರವರೆಗೆ, ಇಪ್ಪತ್ತೈದು ವರ್ಷ ನಡೆದ ಆ ಪತ್ರಿಕೆಯಲ್ಲಿ ಸತತವಾಗಿ ಬರೆದು ಬೆಳೆದವರು ಟಿ. ಸುನಂದಮ್ಮ (1917–2006). ಕನ್ನಡದ ಮೊದಲ ಹಾಸ್ಯ ಲೇಖಕಿ ಎಂದು ಅವರನ್ನು ಗುರುತಿಸುತ್ತಾರೆ. ಗಂಡ, ಮಕ್ಕಳು, ನೆರೆಹೊರೆ, ಮಧ್ಯಮವರ್ಗದ ಮನೆಯ ದಿನನಿತ್ಯದ ಪೇಚುಗಳೇ ಅವರ ವಸ್ತು. ವಸ್ತುವಿಗಿಂತ ಹೊಸದಾಗಿದ್ದದ್ದು ಅದನ್ನು ನೋಡಿದ ಜಾಗ. ಅಡುಗೆಮನೆಯನ್ನು ಪಡಸಾಲೆಯಿಂದ ಇಣುಕಿ ನೋಡಿ ನಕ್ಕ ಬರಹಗಳು ಮೊದಲೂ ಇದ್ದವು. ಅಡುಗೆಮನೆಯಲ್ಲಿ ನಿಂತು ಪಡಸಾಲೆಯನ್ನು ನೋಡಿ ನಕ್ಕ ಬರಹ ಅವರಿಂದ ಬಂತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ. ಮುಂದೆ ನುಗ್ಗೇಹಳ್ಳಿ ಪಂಕಜ, ಭುವನೇಶ್ವರಿ ಹೆಗಡೆ ಮೊದಲಾದವರು ಈ ದಾರಿಯನ್ನು ಅಗಲ ಮಾಡಿದರು.

ಸುನಂದಮ್ಮ ಹುಟ್ಟಿದ 1917ರಲ್ಲೇ ತೀರ್ಥಹಳ್ಳಿಯಲ್ಲಿ ಎಂ.ಕೆ. ಇಂದಿರಾ ಹುಟ್ಟಿದರು. ಬಾಲ್ಯದಲ್ಲೇ ಮದುವೆಯಾಗಿ ಸಂಸಾರಕ್ಕೆ ಬಿದ್ದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾದದ್ದು 1963ರಲ್ಲಿ, ಅವರಿಗೆ ನಲವತ್ತಾರು ವರ್ಷವಾಗಿದ್ದಾಗ. ‘ಕೊರವಂಜಿ’ ಶುರುವಾದಾಗ ಸುನಂದಮ್ಮನವರಿಗೆ ಇಪ್ಪತ್ತೈದು. ಒಂದೇ ವಯಸ್ಸಿನ ಈ ಇಬ್ಬರು ಗೃಹಿಣಿಯರು ಎರಡು ಬೇರೆ ದಾರಿಗಳನ್ನು ತೋರಿಸುತ್ತಾರೆ: ಸಂಸಾರದ ಭಾರ ಇಳಿದ ಮೇಲೆ ಬರೆಯುವುದು ಒಂದು, ಸಂಸಾರದ ನಡುವೆಯೇ ಬರೆಯುವುದು ಇನ್ನೊಂದು. ಕಾದಂಬರಿಗೆ ಮೊದಲ ದಾರಿ ಒಗ್ಗುತ್ತದೆ. ನೆನಪಿನಲ್ಲಿ ಮಾಗಿದ ದುಃಖ ಇಪ್ಪತ್ತು ವರ್ಷದ ನಂತರವೂ ಕಾದಂಬರಿಗೆ ಬರುತ್ತದೆ. ಮಕ್ಕಳ ಸುತ್ತಿನ ನಗೆ ಹಾಗೆ ಕಾಯುವುದಿಲ್ಲ. ಮೂರು ವರ್ಷದ ಕೂಸು ಆಡುವ ಮಾತನ್ನು ಐದು ವರ್ಷಕ್ಕೆ ಅದೇ ಕೂಸು ಆಡಲಾರದು. ಶಾಲೆ ಸೇರಿದ ವರ್ಷವೇ ಅದರ ವ್ಯಾಕರಣ ನೆಟ್ಟಗಾಗಿರುತ್ತದೆ. ನಗೆ ನಿಂತಿರುವುದು ಆ ಮಾತಿನ ನಿಖರವಾದ ಸೊಟ್ಟದ ಮೇಲೆ. ಅದನ್ನು ಅಂದೇ ಹಿಡಿದಿಡದಿದ್ದರೆ ಮುಂದೆ ನೆನಪಾಗುವುದು ನಕ್ಕದ್ದು ಮಾತ್ರ, ಯಾವುದಕ್ಕೆ ನಕ್ಕದ್ದು ಎಂಬುದಲ್ಲ. ಎಳೆಯ ಮಕ್ಕಳನ್ನು ಸಾಕುವ ಕಾಲವೇ ಈ ಬಗೆಯ ಬರಹಕ್ಕೆ ಸರಿಯಾದ ಕಾಲ ಎನ್ನಲು ಇದೇ ಮುಖ್ಯ ಕಾರಣ.

ಆದರೆ ಹೊತ್ತು ಎಲ್ಲಿಂದ ಬರಬೇಕು? ಎಳೆಯ ಮಕ್ಕಳಿರುವ ಮನೆಯಲ್ಲಿ ಹೊತ್ತು ಗಡಿಯಾರದ ಲೆಕ್ಕದಲ್ಲಿ ಸಿಗುವುದಿಲ್ಲ, ಕೂಸಿನ ನಿದ್ದೆಯ ಲೆಕ್ಕದಲ್ಲಿ ಸಿಗುತ್ತದೆ. ಅದು ಅರ್ಧ ತಾಸು ಇರಬಹುದು, ಹತ್ತು ನಿಮಿಷವೂ ಇರಬಹುದು. ಹರಟೆ, ಕಿರುಗತೆ, ನಗೆಪ್ರಸಂಗಗಳು ಈ ತುಂಡು ಹೊತ್ತಿಗೆ ಒಗ್ಗುವ ರೂಪಗಳು. ಇವನ್ನು ಸಣ್ಣ ಸಾಹಿತ್ಯವೆಂದು ಬದಿಗಿಡುವ ವಿಮರ್ಶೆ ಅವುಗಳ ಹುಟ್ಟನ್ನು ಗಮನಿಸಿಲ್ಲ. ಉತ್ತರ ಕರ್ನಾಟಕದ ಬೀಸುವ ಪದಗಳ ತ್ರಿಪದಿಯೂ ಹೀಗೆಯೇ ಕೆಲಸದ ಹೊತ್ತಿನಲ್ಲಿ ರೂಪುಗೊಂಡದ್ದು. ಕೈ ಕಲ್ಲಿನ ಗೂಟದ ಮೇಲೆ, ಕೂಸು ತೊಡೆಯ ಮೇಲೆ, ಮನಸ್ಸು ಪದದ ಮೇಲೆ. ಮೂರೇ ಸಾಲಿನಲ್ಲಿ ಒಂದು ಪೂರ್ತಿ ಭಾವ ಮುಗಿಯಬೇಕಿತ್ತು, ಏಕೆಂದರೆ ನಾಲ್ಕನೆಯ ಸಾಲಿಗೆ ಕೂಸು ಎಚ್ಚರಾಗಬಹುದಿತ್ತು. ಕನ್ನಡದ ಅತ್ಯಂತ ಗಟ್ಟಿಯಾದ ಕಾವ್ಯರೂಪಗಳಲ್ಲಿ ಒಂದು ಬಿಡುವಿಲ್ಲದವರ ಬಾಯಲ್ಲಿ ಬೆಳೆದಿರುವಾಗ, ಬಿಡುವಿಲ್ಲದವರ ಗದ್ಯವನ್ನು ಹಗುರವಾಗಿ ಕಾಣುವುದು ತಪ್ಪು.

ಇದೇ ಉತ್ತರ ಕರ್ನಾಟಕದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹೆಂಗಸರ ನಗೆಗೆ ಬಾಯಿಮಾತಿನ ದೊಡ್ಡ ಪರಂಪರೆ ಇದೆ. ಮದುವೆ, ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಗಂಡನ ಹೆಸರು ಹೇಳಲು ಕಟ್ಟುವ ಒಡಪನ್ನು ನೋಡಬೇಕು. ಗಂಡನ ಹೆಸರನ್ನು ನೇರವಾಗಿ ಹೇಳುವಂತಿಲ್ಲ. ಪ್ರಾಸವಿಟ್ಟು, ಮನೆಯ ಸಾಮಾನು, ಊರು, ತಿಂಡಿ, ದೇವರನ್ನೆಲ್ಲ ಸುತ್ತಿಬಂದು ಕೊನೆಗೆ ಹೆಸರು ಇಳಿಯಬೇಕು. ಬಾಗಿಲಿಗೆ ಅಡ್ಡ ನಿಂತ ಗೆಳತಿಯರು ಹೆಸರು ಕೇಳುವವರೆಗೆ ಬಿಡುವುದಿಲ್ಲ. ಕೇಳುವವರಿಗೆ ಕಡೆಯಲ್ಲಿ ಏನು ಬರುತ್ತದೆಂಬುದು ಗೊತ್ತು, ಹೇಗೆ ಬರುತ್ತದೆಂಬುದು ಗೊತ್ತಿಲ್ಲ. ನಗೆಗತೆಯ ಹದವೂ ಇದೇ: ನಿರೀಕ್ಷೆ ಹುಟ್ಟಿಸಿ, ತಡೆದು, ತಡೆದಷ್ಟೂ ಬಿಗಿಮಾಡಿ, ಕೊನೆಯ ಪದದಲ್ಲಿ ಬಿಡುವುದು. ಒಡಪು ಕಟ್ಟಬಲ್ಲ ಹೆಂಗಸಿಗೆ ಈ ಹದವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ.

ಮಕ್ಕಳ ಲೋಕವೂ ಇಲ್ಲಿ ತುಂಬಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಪಂಚಮಿಗೆ ಜೋಕಾಲಿ, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಬೀದಿ ಸುತ್ತುವ ಜೋಕುಮಾರ. ರಂಗದ ನಗೆಯೂ ಹತ್ತಿರದ್ದೇ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕತೆ ಬೈಲಹೊಂಗಲದ್ದು. ಕೊಲೆಯಲ್ಲಿ ಮುಗಿಯುವ ಆ ಕತೆಯಲ್ಲೂ ಆಡುಮಾತಿನ ಚುರುಕು ಪ್ರೇಕ್ಷಕರನ್ನು ನಗಿಸುತ್ತ ಹೋಗುತ್ತದೆ. ‘ಶ್ರೀಕೃಷ್ಣ ಪಾರಿಜಾತ’ದ ದೂತಿ ಮತ್ತು ಭಾಗವತರ ಸವಾಲು ಜವಾಬುಗಳಿಗೆ ರಾತ್ರಿಯಿಡೀ ಕುಳಿತ ಜನ ಇಲ್ಲಿದ್ದಾರೆ. ಪಕ್ಕದ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಆ ಆಟದಿಂದಲೇ ನಾಡಿಗೆ ಹೆಸರಾದರು. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರು (1914–2017) ನಾಟಕ ಕಂಪನಿ ಕಟ್ಟಿ ನೂರು ವರ್ಷ ದಾಟಿ ಬಾಳಿದರು. ಇಷ್ಟೆಲ್ಲ ಆಡುವ, ಹಾಡುವ, ಹೇಳುವ ನಗೆ ಇದ್ದರೂ ಅದು ಗದ್ಯವಾಗಿ ಕಾಗದಕ್ಕೆ ಇಳಿದದ್ದು ಕಡಿಮೆ, ಅದರಲ್ಲೂ ತಾಯಂದಿರ ಕೈಯಿಂದ ಇಳಿದದ್ದು ಬಹಳ ಕಡಿಮೆ. ಈ ಸೀಮೆಯ ಸಾಹಿತ್ಯದ ದೊಡ್ಡ ಬಾಕಿ ಇದು.

ಬಾಕಿ ಉಳಿಯಲು ಒಂದು ಕಾರಣ ಭಾಷೆಯ ಅಳುಕು. ಬರೆಯಬೇಕಾದರೆ ಪಠ್ಯಪುಸ್ತಕದ ಕನ್ನಡವೇ ಬೇಕು, ಮನೆಯ ಮಾತು ಬರಹಕ್ಕಲ್ಲ ಎಂಬ ನಂಬಿಕೆ ಶಾಲೆಯಿಂದಲೇ ಬೇರೂರುತ್ತದೆ. ‘ಬಂದಾನ’, ‘ಹೋಗ್ಯಾಳ’, ‘ಹಂಗ್ಯಾಕ’ ಎಂದು ಮಾತಾಡುವ ಮನೆಯ ಕತೆಯನ್ನು ‘ಬಂದಿದ್ದಾನೆ’, ‘ಹೋಗಿದ್ದಾಳೆ’, ‘ಹಾಗೇಕೆ’ ಎಂದು ಬರೆದಾಗ ನಗೆಯ ಅರ್ಧ ಪಾಲು ಸೋರಿಹೋಗುತ್ತದೆ. ಈ ಅಳುಕಿಗೆ ಉತ್ತರ ಕೊಟ್ಟವರಿದ್ದಾರೆ. ನವಲಗುಂದದ ಶ್ರೀನಿವಾಸ ವೈದ್ಯರು ಬ್ಯಾಂಕಿನ ಕೆಲಸದ ಜೊತೆಗೆ ಬರೆಯುತ್ತ, ನಗೆಬರಹಗಳಿಂದ ತೊಡಗಿ ‘ಹಳ್ಳ ಬಂತು ಹಳ್ಳ’ ಕಾದಂಬರಿಗೆ ಬಂದರು. ಆ ಕೃತಿಗೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸುನಂದಾ ಬೆಳಗಾಂವಕರರ ‘ಕಜ್ಜಾಯ’ದ ಪ್ರಬಂಧಗಳಲ್ಲಿ ಧಾರವಾಡದ ಮನೆಮಾತಿನ ಸೊಗಸಿದೆ. ಬೆಳಗಾವಿಯಲ್ಲೇ ಇದ್ದು ನಗೆಬರಹ ಮಾಡಿದವರು ಅನಂತ ಕಲ್ಲೋಳ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಎನ್ಕೆ ಅವರಂಥ ಲೇಖಕರು ಕೆಲಸ ಮಾಡಿದರು; ಈ ಭಾಗದ ಮಾತಿಗೆ ಮೊದಲ ಸಾರ್ವಜನಿಕ ಗೌರವ ಸಿಕ್ಕದ್ದು ಬಾನುಲಿಯಿಂದ ಎನ್ನಬೇಕು. ನಿರೂಪಣೆ ಗ್ರಂಥಭಾಷೆಯಲ್ಲಿದ್ದು ಸಂಭಾಷಣೆ ಮನೆಮಾತಿನಲ್ಲಿರುವುದು ಹೊಸದಾಗಿ ಬರೆಯುವವರಿಗೆ ಸುಲಭದ ಹದ. ಕೈ ಪಳಗಿದ ಮೇಲೆ ಇಡೀ ಕತೆಯನ್ನೇ ಮನೆಮಾತಿಗೆ ಒಪ್ಪಿಸಬಹುದು.

ನಗೆಹನಿ ಬೇರೆ, ನಗೆಗತೆ ಬೇರೆ. ಈ ವ್ಯತ್ಯಾಸ ತಿಳಿಯುವುದೇ ಕಲಿಕೆಯ ಮೊದಲ ಮೆಟ್ಟಿಲು. ಎಲ್ಲರಿಗೂ ಗೊತ್ತಿರುವ ಒಂದು ನಗೆಹನಿಯಿದೆ: ಬಾಗಿಲಿಗೆ ಬಂದವರಿಗೆ ಹುಡುಗ, ಅಪ್ಪ ಮನೆಯಲ್ಲಿಲ್ಲವೆಂದು ಅಪ್ಪನೇ ಹೇಳಿದ್ದಾನೆ ಎನ್ನುತ್ತಾನೆ. ಇಲ್ಲಿ ಹುಡುಗನಿಗೆ ಹೆಸರಿಲ್ಲ, ಬಂದವರಿಗೆ ಮುಖವಿಲ್ಲ, ಅಪ್ಪನಿಗೆ ಕಾರಣವಿಲ್ಲ. ಒಮ್ಮೆ ನಕ್ಕರೆ ಮುಗಿಯಿತು. ಇದನ್ನೇ ಹತ್ತಿ ವ್ಯಾಪಾರದ ಊರಾದ ಬೈಲಹೊಂಗಲದ ಒಂದು ಮನೆಗೆ ತಂದು ನೋಡಬಹುದು. ಬಂದವನು ಬೀಜ ಗೊಬ್ಬರಕ್ಕೆ ಕೈಗಡ ಕೊಟ್ಟವನು; ಕೆಟ್ಟವನಲ್ಲ, ಅವನ ಮಗಳ ಮದುವೆ ಹತ್ತಿರವಿದೆ. ಅಪ್ಪ ಮೋಸಗಾರನಲ್ಲ, ಅಡತಿ ಅಂಗಡಿಯಿಂದ ರೊಕ್ಕ ಬಂದಿಲ್ಲ. ಅವ್ವ ಚಾ ಕಾಸಲು ಇಟ್ಟಿದ್ದಾಳೆ, ಬಂದವರಿಗೆ ಚಾ ಕೊಡದೆ ಕಳಿಸುವ ಮನೆಯಲ್ಲ ಅದು. ಹುಡುಗ ಹೊರಗೆ ಬಂದು ‘ಅಪ್ಪ ಮನ್ಯಾಗಿಲ್ಲ ಅಂತ ಹೇಳಂದಾನ್ರಿ’ ಎನ್ನುತ್ತಾನೆ. ಬಂದವನು ಕಟ್ಟೆಯ ಮೇಲೆ ಕುಳಿತು, ‘ಯಾವಾಗ ಬರ್ತಾನಂತ ಕೇಳ್ಕೊಂಡ ಬಾ’ ಎನ್ನುತ್ತಾನೆ. ಹುಡುಗ ಒಳಗೆ ಹೋಗಿ ಬಂದು, ‘ಹತ್ತಿ ರೊಕ್ಕ ಬಂದ ಮ್ಯಾಲ ಬರ್ತಾನಂತ್ರಿ’ ಎನ್ನುತ್ತಾನೆ. ಆಗ ನಗು ಮೂರು ಕಡೆಗೆ ಹರಡುತ್ತದೆ. ಸುಳ್ಳು ಹೇಳಲು ಕಳಿಸಿದ ಹುಡುಗನ ಬಾಯಲ್ಲಿ ಇಡೀ ನಿಜ ಹೊರಬಂದಿದೆ. ಕೇಳಿದವನಿಗೆ ಸಿಟ್ಟು ಬರಬೇಕಿತ್ತು, ಆದರೆ ಉತ್ತರ ಸರಿಯಾಗಿಯೇ ಇದೆ. ನಡುಮನೆಯಲ್ಲಿ ನಿಂತ ಅಪ್ಪ ಚಾ ಕುಡಿಯಲು ಹೊರಗೆ ಬರಬೇಕೋ ಬೇಡವೋ ಎಂಬಲ್ಲಿ ಕತೆ ಮುಂದೆ ಹೋಗುತ್ತದೆ. ನಗೆಹನಿಗೆ ಹುಡುಗನ ಮಾತು ಸಾಕು. ನಗೆಗತೆಗೆ ಆ ಮಾತು ಬಿದ್ದ ಮನೆಯೂ ಬೇಕು, ಮನೆಯ ಕಷ್ಟವೂ ಬೇಕು.

ಮಕ್ಕಳು ನಗಿಸಬೇಕೆಂದು ಮಾತಾಡುವುದಿಲ್ಲ. ಅವರು ಪದವನ್ನು ಇದ್ದ ಹಾಗೆಯೇ ಹಿಡಿಯುತ್ತಾರೆ, ನಿಯಮವನ್ನು ಅಕ್ಷರಶಃ ಪಾಲಿಸುತ್ತಾರೆ, ದೊಡ್ಡವರ ದನಿಯನ್ನು ಅನುಕರಿಸುತ್ತಾರೆ, ಕೇಳಬಾರದ್ದನ್ನು ಕೇಳಬಾರದ ಹೊತ್ತಿನಲ್ಲಿ ಕೇಳುತ್ತಾರೆ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಯ ಆಣೆಕಟ್ಟು ನೋಡಿಬಂದ ಮಗು ಮರುದಿನ ಬಚ್ಚಲಿನ ತೂಬಿಗೆ ಅವ್ವನ ಸೀರೆ ತುರುಕಿ ನೀರು ನಿಲ್ಲಿಸಿದರೆ ಅದು ಕಿಡಿಗೇಡಿತನವಲ್ಲ, ಕಲಿತದ್ದರ ಪ್ರಯೋಗ. ಬರಹಗಾರ್ತಿ ಮಗುವಿನ ಈ ಗಂಭೀರತೆಯನ್ನು ಕೆಡಿಸಬಾರದು. ಮಗುವಿನ ಬಾಯಲ್ಲಿ ದೊಡ್ಡವರ ಜಾಣತನ ಇಟ್ಟ ತಕ್ಷಣ ಕತೆ ಸುಳ್ಳಾಗುತ್ತದೆ; ಕನ್ನಡದ ಅನೇಕ ನಗೆಬರಹಗಳು ಕೆಟ್ಟಿರುವುದು ಇಲ್ಲಿಯೇ. ನಗೆ ಹುಟ್ಟಬೇಕಾದದ್ದು ಮಗುವಿನ ನಿಯಮ ಮತ್ತು ದೊಡ್ಡವರ ನಿಯಮಗಳ ತಿಕ್ಕಾಟದಿಂದ. ಹೆಚ್ಚಿನ ಸಲ ಸೋಲಬೇಕಾದವರು ದೊಡ್ಡವರು.

ಈ ತಂತ್ರದ ಅತ್ಯುತ್ತಮ ಮಾದರಿಗಳಲ್ಲಿ ಒಂದು ಅಮೆರಿಕದ ಶರ್ಲಿ ಜಾಕ್ಸನ್ 1948ರಲ್ಲಿ ಪ್ರಕಟಿಸಿದ ‘ಚಾರ್ಲ್ಸ್’ ಎಂಬ ಸಣ್ಣಕತೆ. ಆಗತಾನೆ ಬಾಲವಾಡಿಗೆ ಹೋಗಲು ತೊಡಗಿದ ಹುಡುಗ ದಿನವೂ ಮನೆಗೆ ಬಂದು ಚಾರ್ಲ್ಸ್ ಎಂಬ ಪುಂಡ ಸಹಪಾಠಿಯ ಹಾವಳಿಗಳನ್ನು ವರ್ಣಿಸುತ್ತಾನೆ. ತಂದೆ ತಾಯಿ ಆ ಚಾರ್ಲ್ಸನ ತಾಯಿಯನ್ನು ನೋಡಲು ಕಾತರರಾಗುತ್ತಾರೆ. ಪಾಲಕರ ಸಭೆಗೆ ಹುಡುಗನ ತಾಯಿ ಹೋದಾಗ ತಿಳಿಯುವುದು ಆ ತರಗತಿಯಲ್ಲಿ ಚಾರ್ಲ್ಸ್ ಎಂಬ ಹುಡುಗನೇ ಇಲ್ಲ ಎಂದು. ಒಡಪಿನಲ್ಲಿ ಹೆಸರು ಕಡೆಗೆ ಇಳಿಯುವ ಹಾಗೆ ಇಲ್ಲಿ ಹೆಸರು ಕಡೆಗೆ ಇಲ್ಲವಾಗುತ್ತದೆ. ನಾಲ್ಕು ಮಕ್ಕಳ ತಾಯಿಯಾದ ಜಾಕ್ಸನ್ ಮನೆಯ ಇಂಥ ಪ್ರಸಂಗಗಳನ್ನು ಪತ್ರಿಕೆಗಳಿಗೆ ಬರೆದು, 1953ರಲ್ಲಿ ‘ಲೈಫ್ ಅಮಂಗ್ ದಿ ಸ್ಯಾವೇಜಸ್’ ಎಂಬ ಪುಸ್ತಕವಾಗಿಸಿದರು. ಅದೇ ಲೇಖಕಿಯ ಭಯಾನಕ ಕತೆ ‘ದಿ ಲಾಟರಿ’ಯ ಹೊಳಹು ಅವರಿಗೆ ಬಂದದ್ದು ಮಗಳನ್ನು ಕೂರಿಸಿದ ಕೈಗಾಡಿಯನ್ನು ದಿನಸಿ ಸಮೇತ ಏರುದಾರಿಯಲ್ಲಿ ತಳ್ಳಿಕೊಂಡು ಬರುವಾಗ ಎಂದು ಅವರೇ ಹೇಳಿದ್ದಾರೆ. ಮಕ್ಕಳ ಕೆಲಸದ ನಡುವೆ ಮನಸ್ಸು ನಿಲ್ಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಒಹಾಯೊ ರಾಜ್ಯದ ಅರ್ಮಾ ಬಾಂಬೆಕ್ ಮೂರು ಮಕ್ಕಳ ತಾಯಿ. 1964ರಲ್ಲಿ ಊರ ಸಣ್ಣ ಪತ್ರಿಕೆಗೆ ಅಂಕಣವೊಂದಕ್ಕೆ 3 ಡಾಲರಿನಂತೆ ಬರೆಯತೊಡಗಿದರು. ಮುಂದೆ ಅವರ ಅಂಕಣ ನೂರಾರು ಪತ್ರಿಕೆಗಳಲ್ಲಿ ಒಟ್ಟಿಗೆ ಅಚ್ಚಾಗುತ್ತಿತ್ತು. ಮೊದಲು ಬೆಲೆಕಟ್ಟಿದ್ದು ಊರ ಸಣ್ಣ ಪತ್ರಿಕೆ ಎಂಬುದನ್ನು ಮರೆಯಬಾರದು.

ಟಿಪ್ಪಣಿ ಇಡುವ ಅಭ್ಯಾಸವೇ ಈ ಕಸುಬಿನ ಬಂಡವಾಳ. ರೊಟ್ಟಿ ಬಡಿಯುವಾಗ ಬರೆಯಲಾಗದು, ಆದರೆ ಕೇಳಬಹುದು, ಮನಸ್ಸಿನಲ್ಲಿ ವಾಕ್ಯ ಕೂಡಿಸಬಹುದು. ದಿನದರ್ಶಿಕೆಯ ಹಿಂಬದಿ, ಹಾಲಿನ ಲೆಕ್ಕದ ವಹಿಯ ಅಂಚು ಇವೇ ಮೊದಲ ಹಸ್ತಪ್ರತಿಗಳಾಗುತ್ತವೆ. ಈಗ ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳುವ ಅನುಕೂಲವಿದೆ. ಮನೆಮಾತಿನ ಏರಿಳಿತವೂ ಅದರಲ್ಲಿ ಉಳಿಯುತ್ತದೆ. ಟಿಪ್ಪಣಿಯಲ್ಲಿ ಮಗುವಿನ ಮಾತು ಇದ್ದ ಹಾಗೆಯೇ ಇರಬೇಕು, ಆಗ ಯಾರಿದ್ದರು, ಯಾರು ಏನು ಮಾಡುತ್ತಿದ್ದರು ಎಂಬುದೂ ಇರಬೇಕು. ಕತೆಯಾಗಿಸುವುದು ಮುಂದಿನ ವಾರದ, ಕೆಲವೊಮ್ಮೆ ಮುಂದಿನ ವರ್ಷದ ಕೆಲಸ. ಜ್ವರದ ರಾತ್ರಿ, ರೊಕ್ಕದ ಚಿಂತೆ, ಅತ್ತೆ ಸೊಸೆಯರ ಮನಸ್ತಾಪ ಇವು ನೋವು ಆರಿದ ಮೇಲಷ್ಟೇ ನಗೆಯಾಗುತ್ತವೆ. ಆರುವ ಮೊದಲು ಬರೆದರೆ ಅದು ದೂರಾಗುತ್ತದೆ. ದೂರಿಗೂ ಬರಹದಲ್ಲಿ ಜಾಗವಿದೆ, ನಗೆಗತೆಯಲ್ಲಿಲ್ಲ.

ಸಣ್ಣ ಊರಿನಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರ ಬೇಕು. ಬೈಲಹೊಂಗಲದಲ್ಲಾಗಲಿ ರಾಮದುರ್ಗದಲ್ಲಾಗಲಿ ಯಾರ ಮಗ, ಯಾವ ಓಣಿ ಎಂಬುದನ್ನು ಓದುಗ ಎರಡನೆಯ ಸಾಲಿಗೇ ಊಹಿಸುತ್ತಾನೆ. ಇವತ್ತು ಮುದ್ದಾಗಿ ಕಂಡ ಪ್ರಸಂಗ ಹತ್ತು ವರ್ಷದ ನಂತರ ಅದೇ ಹುಡುಗನಿಗೆ ಶಾಲೆಯಲ್ಲಿ ಅಡ್ಡಹೆಸರಾಗಬಹುದು. ಹಾಸಿಗೆ ಒದ್ದೆ ಮಾಡಿದ್ದು, ತೊದಲಿದ್ದು, ಹೆದರಿದ್ದು ಇವನ್ನು ಗುರುತು ಸಿಗುವಂತೆ ಬರೆಯುವ ಹಕ್ಕು ತಾಯಿಗೂ ಇಲ್ಲ. ಕತೆ ಎಂಬ ರೂಪ ನೆರವಿಗೆ ಬರುವುದು ಇಲ್ಲಿ. ಇಬ್ಬರು ಮಕ್ಕಳನ್ನು ಒಬ್ಬನನ್ನಾಗಿಸಬಹುದು, ಹುಡುಗನನ್ನು ಹುಡುಗಿಯಾಗಿಸಬಹುದು, ಕಿತ್ತೂರಿನ ಮನೆಯನ್ನು ರಾಮದುರ್ಗದ ಮಗ್ಗದ ಮನೆಗೆ ಸಾಗಿಸಬಹುದು. ಮಾತು ನಿಜವಿರಲಿ, ಮುಖ ಬೇರೆಯಿರಲಿ.

ಒಬ್ಬರೇ ಮಾಡುವ ಕೆಲಸವೂ ಇದಲ್ಲ. ಕೂಡುಕುಟುಂಬದಲ್ಲಿ ಕೂಸನ್ನು ಎತ್ತಿಕೊಳ್ಳಲು ಅಜ್ಜಿ ಇರುತ್ತಾಳೆ, ಆದರೆ ಬರೆಯಲು ಮೂಲೆ ಇರುವುದಿಲ್ಲ. ಬೇರೆ ಮನೆ ಮಾಡಿದವರಿಗೆ ಮೂಲೆ ಇರುತ್ತದೆ, ಎತ್ತಿಕೊಳ್ಳುವವರಿರುವುದಿಲ್ಲ. ಗಂಡನಾದವನು ಸಂಜೆ ಒಂದು ತಾಸು ಮಕ್ಕಳನ್ನು ಹೊರಗೆ ಕರೆದೊಯ್ದರೆ ಅದು ಉಪಕಾರವಲ್ಲ, ತಂದೆಯ ಕೆಲಸ. ತಂದೆಯಾದ ಬರಹಗಾರನಿಗೂ ಈ ಬರಹದ ಬಾಗಿಲು ತೆರೆಯುವುದು ಹೀಗೆ ಮಕ್ಕಳೊಡನೆ ಕಳೆದ ಹೊತ್ತಿನಿಂದಲೇ. ಸಾರ್ವಜನಿಕ ಏರ್ಪಾಡುಗಳೂ ಎಣಿಕೆಗೆ ಬರುತ್ತವೆ. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಮೂರರಿಂದ ಆರು ವರ್ಷದ ಮಕ್ಕಳ ತಾಯಂದಿರಿಗೆ ಹಗಲಿನ ಕೆಲವು ತಾಸುಗಳನ್ನು ಬಿಡಿಸಿಕೊಟ್ಟಿವೆ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ಪ್ರಕಟಿಸಿತು. ಅದರ ಮೊದಲ ಉದ್ದೇಶ ಉದ್ಯೋಗ ಖಾತ್ರಿಯ ಕೂಲಿ ಮಾಡುವ ತಾಯಂದಿರಿಗೆ ನೆರವಾಗುವುದು. ಬರವಣಿಗೆ ಈ ಯೋಜನೆಗಳ ಗುರಿಯಲ್ಲ. ಆದರೂ ಹೆಂಗಸಿನ ಕೈ ಬಿಡುವಾದ ಕಡೆ ಮಾತು ಬರಹವಾಗುವ ಸಾಧ್ಯತೆ ಹುಟ್ಟುತ್ತದೆ.

ಪ್ರಕಟಣೆಯ ದಾರಿ ಹಿಂದಿಗಿಂತ ಬೇರೆಯಾಗಿದೆ. ಈ ಭಾಗದ ಮನೆಗಳಿಗೆ ‘ಕರ್ಮವೀರ’, ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ‘ಕಸ್ತೂರಿ’, ಆಮೇಲೆ ‘ಸುಧಾ’, ‘ಮಯೂರ’, ‘ತರಂಗ’ಗಳು ಬರುತ್ತಿದ್ದವು, ಅವುಗಳ ನಗೆಪುಟಗಳಿಗೆ ಅಂಚೆಯಲ್ಲಿ ಕಳಿಸಿದ ತುಣುಕುಗಳಿಂದ ಬರೆಯಲು ಕಲಿತವರು ಹಲವರು. ಇಂದು ನಗೆಯ ಬೇಡಿಕೆ ಬಹುಪಾಲು ವೇದಿಕೆಗೆ ಸರಿದಿದೆ. ಗಂಗಾವತಿ ಪ್ರಾಣೇಶ್, ಸುಧಾ ಬರಗೂರು ಮೊದಲಾದವರ ಹಾಸ್ಯ ಸಂಜೆಗಳಿಗೆ ಜಾತ್ರೆ ಉತ್ಸವಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ವೇದಿಕೆಗೆ ರಾತ್ರಿಯ ಪ್ರಯಾಣ ಬೇಕು, ಎಳೆಯ ಮಕ್ಕಳ ತಾಯಿಗೆ ಅದು ಸುಲಭವಲ್ಲ. ಬರಹಕ್ಕೆ ಪ್ರಯಾಣ ಬೇಡ. ಆದ್ದರಿಂದ ಅಚ್ಚಿನ ನಗೆಪುಟಗಳು ಕಿರಿದಾಗುತ್ತಿರುವುದು ಈ ತಾಯಂದಿರಿಗೆ ನೇರವಾದ ನಷ್ಟ. ಊರ ಪತ್ರಿಕೆಗಳು ವಾರಕ್ಕೊಂದು ಅಂಕಣದ ಜಾಗ ಕೊಡಬೇಕು, ಕಡಿಮೆಯಾದರೂ ಸಂಭಾವನೆ ಕೊಡಬೇಕು. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಕಥಾಕಮ್ಮಟವನ್ನು ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಇಡಬೇಕು; ಕಂಕುಳ ಕೂಸಿನೊಡನೆ ಬರುವವರಿಗೆ ಸಭಾಂಗಣದಲ್ಲಿ ಒಂದು ಜೋಳಿಗೆ ತೊಟ್ಟಿಲು ಕಟ್ಟಿಡಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ತಾಯಂದಿರಲ್ಲಿ, ತಂದೆಯರಲ್ಲಿ ಒಂದು ವಿನಂತಿ: ಮನೆಯ ಕೂಸು ಇವತ್ತು ಆಡಿದ ಮಾತನ್ನು ಆಡಿದ ಹಾಗೆಯೇ, ತಾರೀಖು ಹಾಕಿ, ಇಂದೇ ಬರೆದಿಡಿ.